ಟ್ರಂಕಿನ ಮೇಲಿನ ಹೆಸರು

ಹಾಸನದಿಂದ ಹೊರಟ ಬಸ್ಸು ಕೊಡ್ಲಿಪೇಟೆ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಅಪ್ಪ ಕಿಟಕಿಯ ಗಾಜು ಎಳೆದು, ತೊಡೆಯ ಮೇಲಿದ್ದ ಕೈಚೀಲವನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಅದರಲ್ಲಿ ಒಂದು ಜೊತೆ ಬಟ್ಟೆ, ಬಿಳಿ ಪೇಂಟಿನ ಸಣ್ಣ ಡಬ್ಬಿ, ಎರಡು ತೆಳು ಬ್ರಷ್ಷು, ಔಷಧಿ ಬಾಟಲಿಯಲ್ಲಿ ತುಂಬಿಸಿದ ಟರ್ಪೆಂಟೈನ್ ಇತ್ತು. ಪ್ರತಿ ವರ್ಷ ಸೆಪ್ಟೆಂಬರ್ 2ಕ್ಕೆ ಅಪ್ಪ ಇಷ್ಟೇ ಸಾಮಾನು ಹಿಡಿದು ಕೊಡಗಿಗೆ ಹೊರಡುತ್ತಾರೆ. ಈ ಸಲ ಮಂಡಿನೋವು ಹೆಚ್ಚಾಗಿದೆಯೆಂದು ನಾನೂ ಜೊತೆಗೆ ಹೋದೆ.

ಶನಿವಾರಸಂತೆಯಲ್ಲಿ ಟೀ ಕುಡಿಯಲು ಬಸ್ಸು ನಿಂತಿತು. ಅಪ್ಪ ಕೆಳಗಿಳಿದು ಮಳೆಯಲ್ಲೇ ಒಂದು ಕ್ಷಣ ನೆಟ್ಟಗೆ ನಿಂತರು. "ಕಾರ್ಯಪ್ಪನೋರು ಹುಟ್ಟಿದ ಊರು ಇದು" ಎಂದರು. 1899ರಲ್ಲಿ ಇಲ್ಲಿ ಹುಟ್ಟಿದವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಆ ದಿನವನ್ನೇ ಇಂದಿಗೂ ಸೇನಾ ದಿನವಾಗಿ ಆಚರಿಸುತ್ತಾರೆ. ಸಂತೆಬೀದಿಯಲ್ಲಿ ಹಸಿಮೆಣಸಿನ ಮೂಟೆ ಇಳಿಸುತ್ತಿದ್ದವರಿಗೆ ಅಪ್ಪ ಯಾಕೆ ಹಾಗೆ ನಿಂತಿದ್ದಾರೆಂದು ಗೊತ್ತಾಗಿರಲಾರದು.

ಮಡಿಕೇರಿ ತಲುಪಿದಾಗ ಮಂಜು ರಸ್ತೆಗೇ ಇಳಿದಿತ್ತು. ಸನ್ನಿ ಸೈಡ್‌ಗೆ ಹೋಗದೆ ಅಪ್ಪ ಮುಂದಿನ ಬಸ್ಸು ಹತ್ತುವುದಿಲ್ಲ. ಜನರಲ್ ತಿಮ್ಮಯ್ಯನವರು ಬೆಳೆದ ಈ ಮನೆ ಬಹಳ ಕಾಲ ಸರ್ಕಾರಿ ಕಚೇರಿಯಾಗಿತ್ತು. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅಂಗಳದಲ್ಲಿ ಹಳೆಯ ಟ್ಯಾಂಕಿನ ಮುಂದೆ ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಿದ್ದರು. 1948ರ ನವೆಂಬರ್ 1ರಂದು, ಕಾಶ್ಮೀರದ ಯುದ್ಧದಲ್ಲಿ, ಜೋಜಿ ಲಾ ಕಣಿವೆದಾರಿಯ ಹಿಮದಲ್ಲಿ ತಿಮ್ಮಯ್ಯನವರು ಟ್ಯಾಂಕುಗಳನ್ನು ಹತ್ತಿಸಿದ ಕಥೆಯನ್ನು ಅಪ್ಪ ಆ ಮಕ್ಕಳಿಗೆ ಹೇಳಿದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರುತ್ತದೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮನೆಯೇ. ಅಲ್ಲಿನ ಮೂವರು ಗಂಡುಮಕ್ಕಳೂ ಸೈನ್ಯಾಧಿಕಾರಿಗಳಾದರು. ಕಿರಿಯವರಾದ ಸೋಮಯ್ಯ ಅದೇ ಕಾಶ್ಮೀರದ ಕಾರ್ಯಾಚರಣೆಯಲ್ಲಿ ನೆಲಬಾಂಬಿಗೆ ಬಲಿಯಾದರು. ತಿಮ್ಮಯ್ಯನವರು 1965ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗ ಸೈಪ್ರಸ್‌ನಲ್ಲಿ ತೀರಿಕೊಂಡರು. ಹಂಚಿನ ಮಾಡು, ಮರದ ಕಿಟಕಿ, ಹೊರಗೆ ಮಳೆ. ಈ ಕಿಟಕಿಯಲ್ಲಿ ನಿಂತು ದಾರಿ ನೋಡಿದ ತಾಯಿಯ ಬಗ್ಗೆ ಒಂದು ಫಲಕವಾದರೂ ಇರಬಾರದೇ ಅನ್ನಿಸಿತು.

ಪೇಟೆಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರಿನ ವೃತ್ತವಿದೆ. ಅಪ್ಪ ಚಪ್ಪಲಿ ಬಿಟ್ಟು ಕೈಮುಗಿದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಅವರದು ಸ್ಟ್ಯಾಂಡ್‌ಬೈ ವಿಮಾನ. ಬೇರೆ ಯಾವುದಾದರೂ ಕೈಕೊಟ್ಟರೆ ಮಾತ್ರ ಅವರ ಸರದಿ. ಆದರೂ ಹೋದರು. ವಾಪಸು ಬರುವಾಗ ಶಬ್ದಕ್ಕಿಂತ ಎರಡು ಪಟ್ಟು ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಬೆನ್ನಟ್ಟಿತು. ಗುಂಡೇಟು ತಿಂದ ತಮ್ಮ ನಿಧಾನದ ವಿಮಾನವನ್ನು ತಿರುಗಿಸಿ ಹೋರಾಡಿ, ಅದನ್ನು ಕೆಡವಿದರು. ತಾವು ಮರಳಲಿಲ್ಲ. ಇದನ್ನು ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ಬ್ರಿಟಿಷ್ ಲೇಖಕರೊಬ್ಬರು 1979ರಲ್ಲಿ ಪಾಕಿಸ್ತಾನದ ಕಡೆಯ ವಿವರಗಳನ್ನು ಬರೆದಾಗಲೇ ವಿಷಯ ಬೆಳಕಿಗೆ ಬಂತು. ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷಗಳ ನಂತರ. ಅವರ ದೇಹ ಗಡಿಯಾಚೆಯ ಮಣ್ಣಿನಲ್ಲೇ ಉಳಿಯಿತು. "ದೇಹ ಬಾರದ ಮನೆಯ ಕಷ್ಟವೇ ಬೇರೆ" ಎಂದರು ಅಪ್ಪ. ಯಾರ ಮನೆಯನ್ನು ನೆನೆದು ಹಾಗೆಂದರೆಂದು ನನಗೆ ಗೊತ್ತಿತ್ತು.

ಮೂರ್ನಾಡು ಕಳೆದು ಬೇತ್ರಿಯಲ್ಲಿ ಕಾವೇರಿ ದಾಟಿ, ವಿರಾಜಪೇಟೆ ಆಚೆಯ ಆ ಮನೆ ಸೇರಿದಾಗ ಕತ್ತಲಾಗಿತ್ತು. ಅಪ್ಪನೂ ಈ ಮನೆಯ ಮಗನೂ ಒಂದೇ ದಿನ ಸೈನ್ಯಕ್ಕೆ ಭರ್ತಿಯಾದವರು. ಟ್ರೈನಿಂಗಿನಲ್ಲಿ ಅಕ್ಕಪಕ್ಕದ ಮಂಚ. 1987ರ ಅಕ್ಟೋಬರ್‌ನಲ್ಲಿ ಶ್ರೀಲಂಕಾದ ಜಾಫ್ನಾದಲ್ಲಿ ತಮಿಳು ಹುಲಿಗಳ ವಿರುದ್ಧ ಭಾರತದ ಶಾಂತಿಪಾಲನಾ ಪಡೆಯ ಆಪರೇಷನ್ ಪವನ್ ಶುರುವಾದ ಮೊದಲ ದಿನಗಳಲ್ಲೇ ಆ ಗೆಳೆಯ ಪ್ರಾಣ ಕಳೆದುಕೊಂಡರು. 1990ರ ಮಾರ್ಚ್‌ನಲ್ಲಿ ನಮ್ಮ ಪಡೆ ಮರಳಿ ಬರುವಷ್ಟರಲ್ಲಿ ಸುಮಾರು 1,200 ಯೋಧರು ಪ್ರಾಣ ಕೊಟ್ಟಿದ್ದರು. ಬೇರೆ ದೇಶದ ನೆಲದಲ್ಲಿ ನಡೆದ ಆ ಯುದ್ಧವನ್ನು ನಮ್ಮ ಜನ ಬೇಗ ಮರೆತರು. ಅಪ್ಪನಿಗೆ ಇದು ಇಂದಿಗೂ ಆರದ ಗಾಯ. ಕಾರ್ಗಿಲ್ ಯುದ್ಧದ ಹೊತ್ತಿಗೆ ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳು ಊರೂರಿಗೆ ಬಂದವು, ಶಾಲೆಮಕ್ಕಳು ಸಾಲಾಗಿ ನಿಂತರು. ಈ ಮನೆಗೆ ಬಂದದ್ದು ಒಂದು ಟೆಲಿಗ್ರಾಂ, ಆಮೇಲೆ ಒಂದು ಕಪ್ಪು ಟ್ರಂಕು.

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಟೆಲಿಗ್ರಾಂ ಬಂದ ಸಂಜೆ ಅಂಗಳದಲ್ಲಿ ಎರಡು ಗುಂಡು ಹಾರಿಸಿದರಂತೆ. ಗದ್ದೆಯಲ್ಲಿದ್ದವರು ಓಡಿಬಂದರು. "ಬಂದವರೆಲ್ಲ ಒಳಗೆ ನೋಡಿದರು. ತೋರಿಸಲು ಏನೂ ಇರಲಿಲ್ಲ" ಎಂದರು ಅವ್ವ, ಆ ಗೆಳೆಯನ ತಾಯಿ. ಅಪ್ಪನಿಗೂ ಅವರು ಅವ್ವನೇ. ವಯಸ್ಸು ತೊಂಬತ್ತರ ಹತ್ತಿರ.

ಮಾರನೆಯ ದಿನ ಕೈಲ್ ಪೊಳ್ದ್. ನಾಟಿ ಕೆಲಸ ಮುಗಿದ ಮೇಲೆ ಆಯುಧಗಳನ್ನು ಪೂಜಿಸುವ ಹಬ್ಬ. ನಡುಮನೆಯಾದ ನಡುಬಾಡೆಯ ತೂಗುದೀಪದ ಬೆಳಕಿನಲ್ಲಿ ಮೊಮ್ಮಕ್ಕಳು ಕೋವಿಗಳನ್ನು ಎಣ್ಣೆ ಹಚ್ಚಿ ಒರೆಸುತ್ತಿದ್ದರು. ಒಡಿಕತ್ತಿ, ಪೀಚೆಕತ್ತಿ ಆಗಲೇ ಹೊಳೆಯುತ್ತಿದ್ದವು. ಅವುಗಳ ಪಕ್ಕಕ್ಕೆ ಟ್ರಂಕನ್ನು ಹೊತ್ತು ತಂದಿಟ್ಟರು. ಮುಚ್ಚಳದ ಮೇಲೆ ನಂಬರು, ರ‍್ಯಾಂಕು, ಹೆಸರು. ಕೊಡಗಿನ ಮಳೆಗಾಲ ಯಾವ ಬಣ್ಣವನ್ನೂ ಬಿಡುವುದಿಲ್ಲ. ಒಂದೇ ವರ್ಷದಲ್ಲಿ ಅಂಚಿಗೆ ತುಕ್ಕು ಹತ್ತಿ, ಎರಡು ಅಕ್ಷರ ಹಪ್ಪಳದಂತೆ ಎದ್ದಿದ್ದವು.

ಅಪ್ಪ ಮರಳುಕಾಗದದಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಕನ್ನಡಕ ಏರಿಸಿ ಕೂತರು. ನಾನು ಬ್ರಷ್ಷಿಗೆ ಕೈಚಾಚಿದೆ. ಅವರು ಕೊಡಲಿಲ್ಲ. ಬರೆಯುವ ಮೊದಲು ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ಹೇಳುವುದು ಅವರ ರೂಢಿ. ಮೂರನೆಯ ಅಂಕಿಗೆ ನೆನಪು ತಡವರಿಸಿತು. ಒಲೆಯ ಹತ್ತಿರದಿಂದ ಅವ್ವ ಉಳಿದ ನಂಬರನ್ನು ಪೂರ್ತಿ ಹೇಳಿದರು. ಓದು ಬಾರದ ಆಕೆಗೆ ಆ ಒಂದು ನಂಬರು ಬಾಯಿಪಾಠ.

"ಕುಂಞಿ, ಆ ದಿನ ಬೆಳಿಗ್ಗೆ ಅವ ಏನಾದರೂ ತಿಂದಿದ್ದನಾ?" ಎಂದು ಅವ್ವ ಅಪ್ಪನನ್ನು ಕೇಳಿದರು. ಪ್ರತಿ ವರ್ಷ ಕೇಳುತ್ತಾರಂತೆ. "ಪೂರಿ ತಿಂದಿದ್ವಿ ಅವ್ವ, ಆಲೂಗಡ್ಡೆ ಪಲ್ಯ. ಅವನು ನನ್ನದರಲ್ಲೂ ಒಂದು ಎತ್ತಿಕೊಂಡ" ಎಂದರು ಅಪ್ಪ, ತಲೆ ಎತ್ತದೆ. ಅವ್ವ ಸಮಾಧಾನದಿಂದ ತಲೆಯಾಡಿಸಿ ಹಬೆಯಲ್ಲಿ ಬೇಯಿಸುವ ಅಕ್ಕಿಯುಂಡೆ ಕಡಂಬುಟ್ಟಿಗೆ ತರಿ ನೆನೆಸಲು ಎದ್ದರು.

ದೆಹಲಿಯಲ್ಲಿ 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗ್ರಾನೈಟ್ ಗೋಡೆಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಈ ಹೆಸರೂ ಅಲ್ಲಿದೆ. ಅಪ್ಪ ಹೋಗಿ ಹುಡುಕಿ ತೆಗೆದ ಫೋಟೋ ಕೋವಿಗಳ ಮೇಲಿನ ಗೋಡೆಯಲ್ಲಿ ತೂಗುತ್ತಿದೆ.

ರಾತ್ರಿಯಿಡೀ ಟ್ರಂಕನ್ನು ಒಲೆಯ ಶಾಖಕ್ಕೆ ಇಟ್ಟಿದ್ದರೂ ಬೆಳಿಗ್ಗೆ ಬಣ್ಣ ಬೆರಳಿಗೆ ಅಂಟುತ್ತಿತ್ತು. ಕೋವಿಗಳಿಗೆ ಗಂಧ ಹಚ್ಚಿ, ನಳಿಗೆಗೆ ಕೆಂಪು ಹಳದಿಯ ತೋಕ್ ಪೂವು ಸಿಕ್ಕಿಸಿದ್ದಾಯಿತು. ಊರವರು ಸೇರುವ ಬಯಲಾದ ಮಂದ್‌ಗೆ ಹೊರಟ ಹುಡುಗರು ತೆಂಗಿನಕಾಯಿಗೆ ಗುರಿ ಯಾರದು ಮೊದಲು ಎಂದು ಅಂಗಳದಲ್ಲೇ ವಾದಿಸುತ್ತಿದ್ದರು. ಅವ್ವ ಕೊನೆಯ ಹೂವನ್ನು ಹಿಡಿದು ಟ್ರಂಕಿನ ಹತ್ತಿರ ಬಂದರು.

"ಈಗಲೇ ಇಡಬೇಡಿ ಅವ್ವ, ಹೆಸರು ಇನ್ನೂ ಹಸಿ ಇದೆ" ಎಂದರು ಅಪ್ಪ.

ಅವ್ವ ಹೂವು ಹಿಡಿದುಕೊಂಡೇ ಟ್ರಂಕಿನ ಪಕ್ಕ ನೆಲದ ಮೇಲೆ ಕೂತರು. ಅಪ್ಪನೂ ಮಂಡಿ ಹಿಡಿದುಕೊಂಡು ಮೆಲ್ಲಗೆ ಈ ಕಡೆ ಕೂತರು.