ಹೀಟರ್ ಹೋಸ್ ಬದಲಿಸಿದ್ದು

ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಮುಂದಿನ ಗಾಜು ಮಸುಕಾಗುತ್ತದೆ. ಹಾಗಾಗಿ ಶಿರಸಿ ಕಡೆಯವರಿಗೂ ಕಾರಲ್ಲಿ ಹೀಟರ್ ಬೇಕೇ ಬೇಕು. ನಮ್ಮ ಹಳೇ ಕಾರಿನಲ್ಲಿ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಬಾನೆಟ್ ಎತ್ತಿದರೆ ಸಿಹಿ ವಾಸನೆ. ಒಳಗೆ ಕಾಲಡಿಯ ಮ್ಯಾಟ್ ಒಣಗೇ ಇತ್ತು, ಅಂದರೆ ಡ್ಯಾಶ್‌ಬೋರ್ಡಿನ ಒಳಗಿರುವ ಹೀಟರ್ ಕೋರ್ (ಬಿಸಿ ಕೂಲಂಟ್ ಹರಿದು ಗಾಳಿಯನ್ನು ಬಿಸಿಮಾಡುವ ಭಾಗ) ಸೋರುತ್ತಿಲ್ಲ. ಟಾರ್ಚ್ ಹಿಡಿದು ನೋಡಿದೆ. ಇಂಜಿನ್ನಿಗೂ ಆ ಕೋರಿಗೂ ನಡುವೆ ಕೂಲಂಟ್ ಹರಿಯುವ ರಬ್ಬರ್ ಹೋಸಿನ ತುದಿ ಉಬ್ಬಿತ್ತು. ಕ್ಲಿಪ್ಪಿನ ಪಕ್ಕದಲ್ಲೇ ಕೂದಲೆಳೆಯಷ್ಟು ಸೀಳು, ಸುತ್ತ ಒಣಗಿದ ಹಸಿರು ಕಲೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೂಲಂಟ್ ತುಂಬುವ ಕಡೆಯ ಕ್ಯಾಪ್ ತೆಗೆಯಿರಿ. ಹಳೇ ಹೋಸು ಪೈಪಿಗೆ ಅಂಟಿಕೊಂಡಿರುತ್ತದೆ. ದಯವಿಟ್ಟು ಜಗ್ಗಬೇಡಿ. ಕೋರಿನ ಪೈಪು ತೆಳು, ಅದು ಮುರಿದರೆ ಡ್ಯಾಶ್‌ಬೋರ್ಡೇ ಬಿಚ್ಚಬೇಕಾಗಬಹುದು. ನಾನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದೆ. ಪೈಪಿಗೆ ಗೀರು ಬೀಳಬಾರದು, ಅಷ್ಟೇ.

ಹೋಸು ಎರಡು ಇರುತ್ತವೆ, ಎರಡಕ್ಕೂ ಒಂದೇ ವಯಸ್ಸಲ್ವಾ? ಎರಡನ್ನೂ ಬದಲಿಸಿದೆ. ಹಳೇ ತುಂಡನ್ನೇ ಅಂಗಡಿಗೆ ಒಯ್ದರೆ ಅಳತೆ ತಪ್ಪುವುದಿಲ್ಲ.

ಇಳಿಸಿದ ಕೂಲಂಟನ್ನು ಬೋಗುಣಿಯಲ್ಲಿ ಹಿಡಿದು ಮುಚ್ಚಿಡಿ. ಸಿಹಿ ಅಂತ ನಾಯಿ ನೆಕ್ಕುತ್ತದೆ, ಅದು ವಿಷ. ಕೊನೆಗೆ ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿ ಹಾಕಿ, ಹೀಟರನ್ನು ಬಿಸಿಗಿಟ್ಟು ಇಂಜಿನ್ ಓಡಿಸಿದೆ. ಒಳಗಿನ ಗಾಳಿ ಹೋಯಿತು. ತಣಿದ ಮೇಲೆ ಕಮ್ಮಿಯಾದಷ್ಟು ತುಂಬಿದೆ.