ವಾಲ್ವ್ ಹೋಗಿರಲಿಲ್ಲ

ಹಳೇ ವಾಲ್ವ್ ರೇಡಿಯೊ (ಟ್ರಾನ್ಸಿಸ್ಟರ್ ಬರುವ ಮೊದಲಿನ, ಗಾಜಿನ ಕೊಳವೆಗಳಿಂದ ನಡೆಯುವ ರೇಡಿಯೊ) ಕೆಟ್ಟರೆ ಜನ ಮೊದಲು ಹೇಳುವ ಮಾತು, “ವಾಲ್ವ್ ಹೋಗೈತಿ, ಈಗ ಸಿಗೂದಿಲ್ಲ.” ಹಾವೇರಿ ಹತ್ತಿರದ ನನ್ನ ಸೋದರಮಾವನಿಗೂ ಪೇಟೆಯಲ್ಲಿ ಹೀಗೇ ಹೇಳಿ ಕಳಿಸಿದ್ದರು. ಒಳಗಿನದ್ದೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸಿ ಕೊಡ್ತೀವಿ ಅಂತಲೂ ಅಂದಿದ್ದರಂತೆ. ಮಾಮಾ ಒಪ್ಪಲಿಲ್ಲ. ಅಜ್ಜ ಕೊಂಡ ರೇಡಿಯೊ ಅದು. ಯುಗಾದಿಗೆ ಊರಿಗೆ ಹೋದಾಗ ನಾನೇ ಬಿಚ್ಚಿ ಕೂತೆ.

ಮೊದಲು ಮಾಮಾನನ್ನು ಕೇಳಿದೆ, ಕೆಟ್ಟಿದ್ದು ಹೇಗೆ ಅಂತ. “ಹಚ್ಚಿದಾಗ ದನಿ ಚಲೋನ ಬರತಿತ್ತು. ಆಮ್ಯಾಲೆ ಒಡಕ ದನಿ ಆತು, ಸುಟ್ಟ ವಾಸನಿ ಬಂತು. ಅವತ್ತಿಂದ ಹಚ್ಚಿಲ್ಲ ನೋಡಪಾ.” ಅರ್ಧ ರಿಪೇರಿ ಈ ಮಾತಿನಲ್ಲೇ ಇತ್ತು. ಮೊದಲು ಚೆನ್ನಾಗಿ ಹಾಡಿ ಬಿಸಿಯಾದ ಮೇಲೆ ಕೆಡುತ್ತದೆ ಅಂದರೆ ನನ್ನ ಅನುಮಾನ ಹೋಗುವುದು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗದ ಮೇಲೆ.

ಹಿಂದಿನ ರಟ್ಟು ತೆಗೆದೆ. ಧೂಳು, ಜೇಡರ ಬಲೆ, ಐದು ವಾಲ್ವ್. ಒಂದರ ಮೇಲೆ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಗುರುತು ಇನ್ನೂ ಕಾಣುತ್ತಿತ್ತು. ಬೆಂಗಳೂರಿನ ಜಾಲಹಳ್ಳಿಯ ಆ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಸಲು ಶುರುಮಾಡಿತು. ಅಕ್ಷರ ಅಳಿಸೀತೆಂದು ಅಷ್ಟು ಜಾಗ ಬಿಟ್ಟು ಗಾಜು ಒರೆಸಿದೆ. ಎಲ್ಲ ವಾಲ್ವ್‌ಗಳ ತಲೆಯ ಬೆಳ್ಳಿ ಬಣ್ಣದ ಲೇಪ ಹಾಗೇ ಹೊಳೆಯುತ್ತಿತ್ತು. ಒಳಗೆ ಗಾಳಿ ಹೊಕ್ಕಿದ್ದರೆ ಅದು ಹಾಲಿನಂತೆ ಬೆಳ್ಳಗಾಗಿರುತ್ತದೆ.

ಇಷ್ಟು ವರ್ಷ ಸುಮ್ನೆ ಕೂತ ಸೆಟ್ಟನ್ನು ನೇರವಾಗಿ ಪ್ಲಗ್‌ಗೆ ಹಾಕಬಾರದು. 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಸೆಟ್ಟಿಗೆ ಹೋಗುವ ಕರೆಂಟ್ ಅದರ ಮೂಲಕವೇ ಹಾಯುವಂತೆ, ಕೊಟ್ಟೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಇದಕ್ಕೆ ಎಲ್‌ಇಡಿ ಬಲ್ಬ್ ಆಗುವುದಿಲ್ಲ. ನಮ್ಮ ಬಲ್ಬ್ ಮಂದವಾಗಿ ಉರಿಯಿತು. ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು. ಕರೆಂಟಿನ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಒಣಗಿರುವ ಲಕ್ಷಣ ಅದು.

ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟು, ಸ್ಪೀಕರ್‌ಗೆ ದನಿ ಕೊಡುವ ಔಟ್‌ಪುಟ್ ವಾಲ್ವ್ ಇಎಲ್84ರ ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡುವ ತುದಿ) ಅಳೆದೆ. ಅಲ್ಲಿ 7 ವೋಲ್ಟ್ ಆಸುಪಾಸು ಇರಬೇಕು. ಮೀಟರ್ 12 ತೋರಿಸಿತು. ತಕ್ಷಣ ಆಫ್ ಮಾಡಿದೆ. ಆ ವಾಲ್ವ್ ಎಳೆಯಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಕರೆಂಟ್ ಎಳೆಯುತ್ತಿತ್ತು. ಸುಟ್ಟ ವಾಸನೆ ಬಂದದ್ದು ಅದಕ್ಕೇ. ವಾಲ್ವನ್ನೇ ಕಿತ್ತಿಟ್ಟು, ಸಾಕೆಟ್ಟಿನಲ್ಲಿ ಅದರ ಗ್ರಿಡ್ (ದನಿ ಒಳಬಂದು ಕರೆಂಟನ್ನು ಹಿಡಿತದಲ್ಲಿಡುವ ತುದಿ) ಪಿನ್, ಅಂದರೆ 2ನೇದು, ಅಳೆದೆ. ಸೊನ್ನೆ ಇರಬೇಕಾದ ಕಡೆ 18 ವೋಲ್ಟ್! ಕಳ್ಳ ಸಿಕ್ಕಿದ. ಹಿಂದಿನ ವಾಲ್ವಿನಿಂದ ದನಿಯನ್ನು ಮಾತ್ರ ದಾಟಿಸಿ ಡಿಸಿಯನ್ನು (ಒಂದೇ ದಿಕ್ಕಿನ ಕರೆಂಟನ್ನು) ತಡೆಯಬೇಕಾದ ಒಂದು ಪೇಪರ್ ಕೆಪಾಸಿಟರ್ ಸೋರುತ್ತಿತ್ತು. ಕೆಲವೇ ರೂಪಾಯಿಯ ಸಾಮಾನು. ಅದು ಕೆಟ್ಟು, ಬೈಗುಳ ಮಾತ್ರ ವಾಲ್ವಿಗೆ.

ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದಿದ್ದ 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಅಲ್ಲಿ ಹಾಕಿದೆ. ಉಳಿದ ಪೇಪರ್ ಕೆಪಾಸಿಟರ್‌ಗಳನ್ನೂ, ಫಿಲ್ಟರ್ ಕೆಪಾಸಿಟರ್‌ಗಳನ್ನೂ ಬದಲಿಸಿದೆ. ಇಲ್ಲೊಂದು ಎಚ್ಚರ ಬೇಕು. ಪ್ಲಗ್ ಕಿತ್ತರೂ ಫಿಲ್ಟರ್ ಕೆಪಾಸಿಟರ್‌ನಲ್ಲಿ 250 ವೋಲ್ಟ್ ಉಳಿದಿರಬಹುದು. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರ್‌ನಲ್ಲಿ ನೋಡಿಯೇ ಕೈ ಹಾಕಬೇಕು. ನೋಡಲು ಬಂದ ಮಕ್ಕಳನ್ನು ನಾನು ದೂರ ಕೂರಿಸಿದ್ದೆ.

ಮತ್ತೆ ಹಚ್ಚಿದೆ. ಕ್ಯಾಥೋಡ್ 7.1. ಗುಂಯ್ ಸದ್ದು ಇಲ್ಲ. ಆದರೆ ಸ್ಟೇಷನ್ನೂ ಇಲ್ಲ, ಇಡೀ ಮೀಡಿಯಂ ವೇವ್ ತುಂಬ ಬರೀ ಕರಕರ. ಸೆಟ್ ಸರಿಯಾಗಿತ್ತು, ಮನೆ ಬದಲಾಗಿತ್ತು. ಅಜ್ಜನ ಕಾಲದಲ್ಲಿ ಇಲ್ಲದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್‌ಗಳ ಗದ್ದಲ ಅದು. ಒಂದೊಂದೇ ಆರಿಸಿದೆವು. ಪಡಸಾಲೆಯ ಬಲ್ಬ್ ಆರಿದಾಗ ಅರ್ಧ ಗದ್ದಲ ನಿಂತಿತು. ಹಿತ್ತಲ ತೆಂಗಿನ ಮರದವರೆಗೆ ತಾಮ್ರದ ತಂತಿ ಎಳೆದು ಏರಿಯಲ್ ಮಾಡಿದೆವು.

ಡಯಲ್ ಮೇಲೆ ಇದ್ದದ್ದು ಮೀಟರ್ ಲೆಕ್ಕ, ಅಂದರೆ ರೇಡಿಯೊ ಅಲೆಯ ಉದ್ದ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್. 3 ಲಕ್ಷವನ್ನು 765ರಿಂದ ಭಾಗಿಸಿದರೆ 392 ಮೀಟರ್. ಮುಳ್ಳನ್ನು ಅಲ್ಲಿಗೆ ತಂದಾಗ ಕನ್ನಡ ಕೇಳಿಸಿತು, ತುಂಬು ದನಿಯಲ್ಲಿ. ಮಾಮಾ ಒಳಗಿದ್ದ ಅತ್ತೆಯನ್ನು ಕೂಗಿ ಕರೆದರು. ಒಂದು ತಾಸು ಹಾಗೇ ಬಿಟ್ಟೆವು. ದನಿ ಒಡೆಯಲಿಲ್ಲ, ವಾಸನೆಯೂ ಬರಲಿಲ್ಲ.

ಐದೂ ವಾಲ್ವ್ ಹಳೆಯವೇ ಇವೆ. ಶಾರ್ಟ್ ವೇವ್ ಇನ್ನೂ ಮಾತಾಡಿಲ್ಲ. ಬ್ಯಾಂಡ್ ಸ್ವಿಚ್ಚಿನ ಒಂದು ಕಾಂಟ್ಯಾಕ್ಟ್ ಕಪ್ಪಾಗಿದೆ. ಮುಂದಿನ ಸಲ ಕ್ಲೀನರ್ ಒಯ್ದು ಅದನ್ನು ಉಜ್ಜುವುದಿದೆ.