ಅಪ್ಪೆಮಿಡಿ ಮರಕ್ಕೆ ಮಕ್ಕಳಿಲ್ಲ

ಮಾರ್ಚ್ ಬಂತು ಅಂದ್ರೆ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಗೆ ಭರಣಿ ತೊಳೆದು ಬಿಸಿಲಿಗೆ ಇಡುತ್ತಾರೆ. ಅಪ್ಪೆಮಿಡಿ ಅಂದ್ರೆ ಪರಿಮಳದ ಕಾಡುಮಾವಿನ ಎಳೆ ಕಾಯಿ. ಮಿಡಿ ತಂದವರ ಬುಟ್ಟಿಯಿಂದ ಅಮ್ಮ ಒಂದನ್ನು ಎತ್ತಿಕೊಂಡು, ತೊಟ್ಟು ಮುರಿದು, ಸೊನೆ ಮೂಸಿ ನೋಡುತ್ತಾಳೆ. ಜೀರಿಗೆ ಪರಿಮಳ ಬಂದರೆ ಒಂದು ಜಾತಿ, ಕರ್ಪೂರದ ಘಾಟು ಬಂದರೆ ಇನ್ನೊಂದು. ಏನೂ ಬರಲಿಲ್ಲ ಅಂದ್ರೆ ಅದು ಬರೀ ಮಾವಿನಮಿಡಿ, ಅಪ್ಪೆ ಅಲ್ಲ.

ಈ ಸಲ ನಾನೇ ಸಿದ್ದಾಪುರದ ಕಡೆ, ಯಾವಾಗಲೂ ಮಿಡಿ ತರುತ್ತಿದ್ದ ಹಳ್ಳದ ದಂಡೆಗೆ ಹೋಗಿದ್ದೆ. ಮರ ಇತ್ತು, ಕೊಂಬೆ ಇರಲಿಲ್ಲ. ಮರ ಹತ್ತಿ ಕೊಯ್ಯುವಷ್ಟು ತಾಳ್ಮೆ ಇಲ್ಲದವರು ಯಾರೋ ಮಿಡಿ ಹಿಡಿದ ಕೊಂಬೆಗಳನ್ನೇ ಕಡಿದು ಕೆಡವಿದ್ದರು. ಕಡಿದ ಕಡೆಯೆಲ್ಲ ಸೊನೆ ಒಸರಿ ಕಪ್ಪಾಗಿ ಗಟ್ಟಿಯಾಗಿತ್ತು. ಹೊಟ್ಟೆ ಉರಿಯಿತು. ಮೊದಲೆಲ್ಲ ಮರ ಹತ್ತಿ, ಗೊಂಚಲು ಗೊಂಚಲಾಗಿ ತೊಟ್ಟಿನ ಸಮೇತ ಕೊಯ್ದು, ಚೀಲಕ್ಕೆ ತುಂಬಿ ಹಗ್ಗದಲ್ಲಿ ಇಳಿಸುತ್ತಿದ್ದರು. ಯಾಕಂದ್ರೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆಯುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ.

ಅಪ್ಪೆಮಿಡಿ ನಮ್ಮ ಮಲೆನಾಡಿನ ಹೊಳೆ-ಹಳ್ಳಗಳ ದಂಡೆಯ ಮರ. ಶರಾವತಿ, ಅಘನಾಶಿನಿ, ಬೇಡ್ತಿ, ಕಾಳಿ, ಎಲ್ಲದರ ಪಕ್ಕದಲ್ಲೂ ಇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳ ಜೊತೆ ದಂಡೆಯ ಕಾಡೂ ನೀರಿನಡಿ ಹೋಯಿತು. ಉಳಿದ ಕಡೆ ದಂಡೆಯನ್ನು ತೋಟ ನುಂಗುತ್ತಿದೆ. ಆದರೆ ನನಗೆ ಇದಕ್ಕಿಂತ ಜಾಸ್ತಿ ಭಯ ಇರುವುದು ಬೇರೆ ವಿಷಯಕ್ಕೆ. ಯೋಚನೆ ಮಾಡಿ, ಮಿಡಿಯಲ್ಲೇ ಅಷ್ಟೂ ಕೊಯ್ದುಬಿಟ್ಟರೆ ಹಣ್ಣಾಗುವುದು ಯಾವಾಗ? ಓಟೆ, ಅಂದ್ರೆ ಗೊರಟು, ನೆಲಕ್ಕೆ ಬೀಳುವುದು ಯಾವಾಗ? ಪರಿಮಳ ಜಾಸ್ತಿ ಇರುವ ಮರಕ್ಕೇ ಬೇಡಿಕೆ ಜಾಸ್ತಿ, ಹಾಗಾಗಿ ಅದರಲ್ಲೇ ಒಂದೂ ಉಳಿಯುವುದಿಲ್ಲ. ನಮ್ಮ ಹಳ್ಳದ ದಂಡೆಯಲ್ಲಿ ಮುದಿ ಮರಗಳಿವೆ, ಅವುಗಳ ಬುಡದಲ್ಲಿ ಒಂದು ಸಸಿ ಇಲ್ಲ.

ಕಸಿ ಕಟ್ಟಿದರಾಯ್ತಲ್ವಾ ಅಂತ ಕೇಳುತ್ತಾರೆ. ಖಂಡಿತ ಕಟ್ಟಬೇಕು. ಶಿರಸಿ, ಸಾಗರದ ಕಡೆ ಎಷ್ಟೋ ರೈತರು ಕಾಡಿನ ಮರದಿಂದ ಕಡ್ಡಿ ತಂದು ಕಸಿ ಮಾಡಿ ಜಾತಿಗಳನ್ನು ಉಳಿಸಿದ್ದಾರೆ, ಅವರಿಗೆ ಎಷ್ಟು ಕೈ ಮುಗಿದರೂ ಸಾಲದು. ಆದರೆ ಕಸಿ ಅಂದ್ರೆ ಅದೇ ಮರ ಮತ್ತೊಮ್ಮೆ. ಓಟೆಯಿಂದ ಹುಟ್ಟಿದ್ದು ಹೊಸ ಮರ, ತಾಯಿಯ ಹಾಗೇ ಇರಬೇಕು ಅಂತಿಲ್ಲ. ಇಷ್ಟೊಂದು ಪರಿಮಳಗಳು ನಮಗೆ ಸಿಕ್ಕಿದ್ದೇ ಹಾಗೆ. ಓಟೆಯನ್ನು ಭತ್ತದ ಬೀಜದ ಹಾಗೆ ಒಣಗಿಸಿ ಇಡೋಣ ಅಂದರೆ ಅದೂ ಆಗುವುದಿಲ್ಲ, ಒಣಗಿದರೆ ಸತ್ತೇ ಹೋಗುತ್ತದೆ. ಮಳೆಗಾಲದ ಹೊತ್ತಿಗೆ ಮಣ್ಣು ಸೇರಬೇಕು. ಹಣ್ಣು ಬಿದ್ದರೆ ಪುನುಗು ಬೆಕ್ಕು, ಬಾವಲಿ, ಕೆಂಜಳಿಲು ಎಲ್ಲಕ್ಕೂ ಊಟ, ಅವುಗಳ ಪಾಲನ್ನೂ ನಾವೇ ಭರಣಿಗೆ ತುಂಬುತ್ತಿದ್ದೇವೆ.

ಅದಕ್ಕೇ ಹೋದ ವರ್ಷ ಅಮ್ಮನಿಗೆ ಹೇಳಿ, ತೋಟದ ಅಂಚಿನ ಜೀರಿಗೆ ಅಪ್ಪೆ ಮರದ ಹೊಳೆ ಕಡೆಯ ಒಂದು ದೊಡ್ಡ ಕೊಂಬೆಯನ್ನು ಮುಟ್ಟದೆ ಬಿಟ್ಟೆವು. ಒಂದು ಭರಣಿ ಕಡಿಮೆಯಾಯಿತು. ಹಣ್ಣು ಹುಳಿ, ಬರೀ ನಾರು, ತಿನ್ನೋಕೆ ಏನೂ ಚೆನ್ನಾಗಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬುಡದ ತರಗೆಲೆ ಸರಿಸಿ ನೋಡಿದರೆ ಐದು ಓಟೆ ಮೊಳಕೆ ಒಡೆದಿದ್ದವು, ಎಳೆ ಎಲೆ ತಾಮ್ರದ ಬಣ್ಣ. ಎರಡನ್ನು ದನ ತಿಂದಿತು. ಉಳಿದ ಮೂರಕ್ಕೆ ಮುಳ್ಳಿನ ಬೇಲಿ ಕಟ್ಟಿದ್ದೇನೆ.

ಮೊನ್ನೆ ಒಂದರ ಎಲೆ ಹಿಸುಕಿ ಮೂಸಿದೆ. ತಾಯಿಮರದ ಜೀರಿಗೆ ವಾಸನೆ ಅಲ್ಲ, ಬೇರೆಯೇ ಏನೋ. ಅಮ್ಮನಿಗೂ ಕೊಟ್ಟೆ. ಅವಳು ಎರಡು ಸಲ ಮೂಸಿ, "ಇದು ಯಾವುದು, ಗೊತ್ತಾಗ್ತಿಲ್ಲ" ಅಂದಳು.